ನಮ್ಮ ಅಂಕಗಳನ್ನು ನಂಬಿ ತಾವು ನಿಲ್ಲಿಸಿಬಿಟ್ಟ ಸೂಪಿನ ಕುರಿತು

ಹಿರಿಯರಿಗಾಗಿ ನುಣುಪಾದ ಸೂಪನ್ನು ತಯಾರಿಸುತ್ತಿದ್ದ, ಈಗ ತಯಾರಿಸದೆ ಇರುವ, ಆಹಾರ ಕಾರ್ಖಾನೆಯ ರುಚಿ ಪರೀಕ್ಷಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತಮಗೂ, ಬಿಳಿಯ ಮೇಲಂಗಿ ತೊಟ್ಟು ತಮ್ಮ ಕೈಕೆಳಗೆ ದುಡಿಯುವ ಸಕಲ ಸಿಬ್ಬಂದಿಗೂ, ನಮ್ಮ ಬಡಾವಣೆಯವರೆಗೂ ಘಮಲನ್ನು ಕಳುಹಿಸಿಕೊಡುವ ತಮ್ಮ ಹಬೆಯ ಕಡಾಯಿಗಳಿಗೂ ನನ್ನ ಆದರಪೂರ್ವಕ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದೂ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರೆಂದೂ, ಉಂಡದ್ದು ಯಾವ ತಕರಾರೂ ಇಲ್ಲದೆ ತಮ್ಮ ಗಂಟಲಿನಿಂದ ಕೆಳಗಿಳಿಯುತ್ತಿದೆಯೆಂದೂ ನಂಬಿದ್ದೇನೆ. ಈ ಕೊನೆಯ ಮಾತು ಉಪಚಾರಕ್ಕಾಗಿ ಬರೆದದ್ದಲ್ಲ; ಪತ್ರದ ವಿಷಯವೇ ಅದು.

ಹೇಳಬೇಕಾದದ್ದನ್ನು ಮೂರನೆಯ ಪುಟದವರೆಗೆ ಬಚ್ಚಿಡುವ ವಿದ್ಯಾರ್ಥಿಗಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ನಾನಾದ್ದರಿಂದ, ನನ್ನ ದೂರನ್ನು ಮೊದಲೇ ಹೇಳಿಬಿಡುತ್ತೇನೆ: ತಾವು ನನ್ನ ಮಾತನ್ನು ಕೇಳಿದಿರಿ. ವೃತ್ತಿಜೀವನವಿಡೀ ಭಾಷೆಯನ್ನು ಕಲಿಸಿದ ನನ್ನ ಮಾತನ್ನು ವಿದ್ಯಾರ್ಥಿಗಳು ಕೇಳಲಿಲ್ಲ, ಮುಖ್ಯೋಪಾಧ್ಯಾಯರು ಕೇಳಲಿಲ್ಲ, ಅಂಗಡಿಗಳ ನಾಮಫಲಕ ಬರೆಯುವವರು ನಾನು ಎದುರು ನಿಂತು ತಿದ್ದಿದರೂ ಕೇಳಲಿಲ್ಲ, ನನ್ನ ಅಕ್ಕನಂತೂ ನಾನು ಮಾತು ಕಲಿತ ದಿನದಿಂದಲೇ ಕೇಳುವುದನ್ನು ಬಿಟ್ಟವಳು. ಇಡೀ ಜಗತ್ತು ಇಷ್ಟೊಂದು ವಿವೇಕದಿಂದ ನಡೆದುಕೊಂಡಿರುವಾಗ, ತಾವೊಬ್ಬರು ಮಾತ್ರ, ನಾನು ಕಾಗದದ ಪುಟ್ಟ ಲೋಟದಲ್ಲಿ ಎರಡು ಗುಟುಕು ಸೂಪು ಕುಡಿದು ಗೀಚಿದ್ದನ್ನು ಶಿಲಾಶಾಸನವೆಂದು ಭಾವಿಸಿ, ಆ ಸೂಪನ್ನೇ ನಿಲ್ಲಿಸಿಬಿಟ್ಟಿರಿ. ನನ್ನ ಅಕ್ಕ ಹೊಟ್ಟೆ ತುಂಬ ನುಂಗಬಲ್ಲವಳಾಗಿದ್ದ ಆಹಾರ ಅದೊಂದೇ ಆಗಿತ್ತು.

ಅಕ್ಕನ ಪರಿಚಯವನ್ನು ತಮಗೆ ಮಾಡಿಕೊಡಬೇಕು. ಆಕೆ ದೂರವಾಣಿ ವಿನಿಮಯ ಕೇಂದ್ರದಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕುಳಿತು, ಊರಿನವರನ್ನೆಲ್ಲ ಒಬ್ಬರಿಗೊಬ್ಬರು ಜೋಡಿಸಿ, ನಡುನಡುವೆ ಗದರಿಸಿ, ನಿವೃತ್ತಳಾದವಳು. ಈಗ ನನ್ನ ಮನೆಯಲ್ಲಿದ್ದುಕೊಂಡು ನನ್ನೊಬ್ಬನನ್ನೇ ಗದರಿಸುತ್ತಾಳೆ. ಕಳೆದ ವರ್ಷ ಆಕೆಗೆ ಪಾರ್ಶ್ವವಾಯು ತಗುಲಿತು. ಕಾಲು ಬಂತು, ಕೈ ಬಂತು, ನಾಲಿಗೆಯಂತೂ ಎಲ್ಲಕ್ಕಿಂತ ಮೊದಲೇ ಬಂತು. ಗಂಟಲು ಮಾತ್ರ ಪೂರ್ತಿಯಾಗಿ ಮರಳಲಿಲ್ಲ. ನುಂಗುವುದನ್ನು ಕಲಿಸಲು ಮನೆಗೆ ಬರುವ ಚಿಕಿತ್ಸಕಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಮಾಡಿದರು: ಗಂಟಲಿನಲ್ಲಿ ಎರಡು ದಾರಿಗಳಿವೆ, ಒಂದು ಉಸಿರಿಗೆ, ಒಂದು ಊಟಕ್ಕೆ; ನೀರಿನಂಥ ತೆಳುವಾದದ್ದು ಉಸಿರಿನ ದಾರಿಯ ಬಾಗಿಲು ಮುಚ್ಚುವ ಮೊದಲೇ ಒಳಗೆ ನುಗ್ಗುತ್ತದೆ, ಹೋಳುಗಳು ನಡುದಾರಿಯಲ್ಲಿ ಕುಳಿತುಬಿಡುತ್ತವೆ, ಆದ್ದರಿಂದ ಚಮಚದಿಂದ ನಿಧಾನವಾಗಿ ಜಾರುವ, ಮೊದಲಿನಿಂದ ಕೊನೆಯವರೆಗೆ ಒಂದೇ ಹದದ ಆಹಾರವೇ ಆಕೆಗೆ ಸುರಕ್ಷಿತ. ಅವರು ತಮ್ಮ ಸೂಪನ್ನು ಚಮಚದಲ್ಲೆತ್ತಿ, ಓರೆ ಮಾಡಿ, ಬೀಳುವುದನ್ನು ನೋಡಿ, ಪರವಾಗಿಲ್ಲ ಎಂದು ಒಪ್ಪಿದರು. ಅಂದಿನಿಂದ ಅಕ್ಕ ಅದನ್ನು ಎರಡು ಹೊತ್ತೂ, ಎರಡು ಹೊತ್ತೂ ಬೈದುಕೊಂಡು, ಬಟ್ಟಲು ಖಾಲಿಯಾಗುವಂತೆ ಕುಡಿಯುತ್ತಿದ್ದಳು. ಬಿಸಿ ಮಾಡಿ ಕೊಡುತ್ತಿದ್ದವನು ನಾನೇ. ಆದರೆ ಒಂದು ದಿನವೂ, ಒಂದು ಹನಿಯನ್ನೂ, ನಾನು ಬಾಯಿಗೆ ಹಾಕಿಕೊಂಡವನಲ್ಲ. ಅದು ರೋಗಿಗಳ ಆಹಾರವೆಂದೂ ನಾನು ಗಟ್ಟಿಮುಟ್ಟಾದವನೆಂದೂ ನನಗೊಂದು ಹಮ್ಮಿತ್ತು.

ಹೀಗಿರುವಾಗ ತಮ್ಮ ವಿಭಾಗದ ಅಧಿಕಾರಿಣಿಯೊಬ್ಬರು ನಮ್ಮ ನಿವೃತ್ತ ಶಿಕ್ಷಕರ ಸಂಘಕ್ಕೆ ದಯಮಾಡಿಸಿದರು. ಹಿರಿಯರ ಆಹಾರವನ್ನು ಹಿರಿಯರೇ ರುಚಿ ನೋಡಬೇಕೆಂದೂ, ಮಧ್ಯಾಹ್ನ ಬಿಡುವಾಗಿರುವ, ಹೇಳಿದ ಹೊತ್ತಿಗೆ ಬರುವ, ನಮೂನೆಯ ಒಂದು ಅಂಕಣವನ್ನೂ ಖಾಲಿ ಬಿಡದ ಜನ ಬೇಕೆಂದೂ ಕೋರಿದರು. ಈ ಮೂರು ಗುಣಗಳು ಒಟ್ಟಿಗೆ ಸೇರಿರುವ ಜೀವಿ ನಿವೃತ್ತ ಶಿಕ್ಷಕನಲ್ಲದೆ ಬೇರೊಂದಿಲ್ಲವಾದ್ದರಿಂದ, ಸಂಘದ ಕಾರ್ಯದರ್ಶಿಯಾದ ನಾನು ಎಲ್ಲ ಸದಸ್ಯರನ್ನೂ ಸಾಲಾಗಿ ನಿಲ್ಲಿಸಿ ತಮ್ಮ ಕಾರ್ಖಾನೆಗೆ ಕರೆತಂದೆ. ಬಾಗಿಲಲ್ಲಿ ಅವರನ್ನು ತಡೆದು ಕಿರುಭಾಷಣವನ್ನೂ ಮಾಡಿದೆ: ದಾಕ್ಷಿಣ್ಯ ಕೂಡದು, ಧಾರಾಳ ಕೂಡದು, ಅಂಕವೆಂಬುದು ಭಿಕ್ಷೆಯಲ್ಲ. ಚಪ್ಪಾಳೆ ಬಿತ್ತು. ಈಗ ಆ ಚಪ್ಪಾಳೆಯನ್ನು ನೆನೆದರೆ ನನ್ನ ಕೆನ್ನೆಯೇ ಚುರುಗುಟ್ಟುತ್ತದೆ.

ತಮ್ಮ ಪರೀಕ್ಷಾ ಕೊಠಡಿಯ ವೈಭವವನ್ನು ನಾನು ಎಷ್ಟು ಹೊಗಳಿದರೂ ಸಾಲದು. ಪಕ್ಕದವರ ಮುಖ ಕಾಣದಂತೆ ಅಡ್ಡಹಲಗೆಯ ಗೂಡುಗಳು. ಎದುರಿಗೆ ಲೋಟ ಮಾತ್ರ ತೂರುವಷ್ಟು ಪುಟ್ಟ ಕಿಟಕಿ. ಹೆಸರು ನಾಲಿಗೆಯ ದಾರಿ ತಪ್ಪಿಸದಿರಲೆಂದು ಲೋಟದ ಮೇಲೆ ಬರೀ ಸಂಖ್ಯೆ. ಬಣ್ಣ ದಾರಿ ತಪ್ಪಿಸದಿರಲೆಂದು ಕೆಂಪು ದೀಪ. ಒಂದರ ರುಚಿ ಇನ್ನೊಂದಕ್ಕೆ ಅಂಟದಿರಲೆಂದು ನಡುವೆ ನೀರು ಮತ್ತು ಒಣ ಬಿಸ್ಕತ್ತು. ಬದುಕಿಡೀ ಪರೀಕ್ಷಾ ಕೊಠಡಿಯಲ್ಲಿ ಗಸ್ತು ತಿರುಗಿದ ನಾವು ಮೊಟ್ಟಮೊದಲ ಬಾರಿಗೆ ಅದರೊಳಗೆ ಕುಳಿತೆವು. ಕುಳಿತೊಡನೆ ಚಿತ್ರಕಲೆಯ ಮೇಷ್ಟ್ರು ಪಕ್ಕದ ಗೂಡಿಗೆ ಇಣುಕಿದರು, ಇತಿಹಾಸದ ಮೇಡಂ ಕೆಮ್ಮಿ ಸನ್ನೆ ಮಾಡಿದರು, ನಾನು ಎದ್ದು ನಿಂತು ಇಬ್ಬರನ್ನೂ ಗದರಿದೆ, ತಮ್ಮ ಅಧಿಕಾರಿಣಿ ಬಂದು ನನ್ನನ್ನು ಗದರಿದರು.

ನಮೂನೆಯಲ್ಲಿ ಒಂಬತ್ತು ಮೆಟ್ಟಿಲುಗಳಿದ್ದವು. ಒಂಬತ್ತೆಂದರೆ ಅತ್ಯಂತ ಇಷ್ಟವಾಯಿತು, ಒಂದೆಂದರೆ ಸ್ವಲ್ಪವೂ ಸಹಿಸಲಾಗಲಿಲ್ಲ, ಐದೆಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಅದಕ್ಕಿಂತ ಕೆಳಗಿಳಿದರೆ ಇಷ್ಟವಾಗಲಿಲ್ಲವೆಂದೇ ಅರ್ಥ. ಇದೆಲ್ಲವೂ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಸೂಚನೆಗಳನ್ನು ಗಮನವಿಟ್ಟು ಓದಿರಿ ಎಂದು ಜೀವಮಾನವಿಡೀ ಕೂಗಿದ ನಾವು ಅವನ್ನು ಓದಲಿಲ್ಲ. ಅವುಗಳಲ್ಲಿದ್ದ ಕಾಗುಣಿತದ ತಪ್ಪುಗಳನ್ನು ತಿದ್ದಿದೆವು. ಅನಂತರ ನಮ್ಮ ವಾಡಿಕೆಯಂತೆ ಮೌಲ್ಯಮಾಪನ ಮಾಡಿದೆವು. ನಮ್ಮ ಲೆಕ್ಕದಲ್ಲಿ ಒಂಬತ್ತಕ್ಕೆ ನಾಲ್ಕು ಎಂದರೆ ಗೌರವದ ತೇರ್ಗಡೆ. ಐದು ಕೊಡುವಾಗ ಕೈ ನಡುಗುತ್ತದೆ. ಆರು ಕೊಟ್ಟರೆ ಹುಡುಗ ಕೆಟ್ಟುಹೋಗುತ್ತಾನೆ. ವ್ಯಾಯಾಮದ ಮೇಷ್ಟ್ರು, ಈ ಸೂಪು ಜೋಲುತ್ತದೆ, ನೆಟ್ಟಗೆ ನಿಲ್ಲುವುದಿಲ್ಲ ಎಂದು ಎರಡು ಕೊಟ್ಟರು. ಹೊಲಿಗೆಯ ಮೇಡಂ ಲೋಟದ ಅಂಚಿಗೆ ಹನಿ ಅಂಟಿದ್ದಕ್ಕೆ ಒಂದು ಅಂಕ ಕಳೆದರು. ಗಣಿತದ ಮೇಷ್ಟ್ರು ಬಹಳ ಉದಾರಿ, ನಾಲ್ಕೂಕಾಲು ಕೊಟ್ಟರು.

ನಾನು ನಾಲ್ಕು ಕೊಟ್ಟೆ. ನಿಜಕ್ಕೂ ಬೆನ್ನು ತಟ್ಟಿದೆನೆಂದೇ ತಿಳಿದಿದ್ದೆ. ಕೆಳಗೆ, ಅಭ್ಯಾಸಬಲದಿಂದ ಜೇಬಿನಲ್ಲಿಯೇ ಇದ್ದ ಕೆಂಪು ಶಾಯಿಯ ಪೆನ್ನನ್ನು ತೆಗೆದು, “ನಯವಿದೆ, ಆದರೆ ಹಲ್ಲಿಗೆ ಕೆಲಸವಿಲ್ಲ” ಎಂದು ಷರಾ ಬರೆದೆ. ಕೆಂಪು ದೀಪದ ಕೆಳಗೆ ಕೆಂಪು ಶಾಯಿ ಕಾಣುವುದಿಲ್ಲವೆಂಬ ಪ್ರಾಥಮಿಕ ವಿಜ್ಞಾನ ನನಗೆ ಹೊಳೆಯಲಿಲ್ಲ. ಪೆನ್ನು ಒಣಗಿದೆಯೆಂದುಕೊಂಡು ಅದೇ ವಾಕ್ಯವನ್ನು ಇನ್ನೂ ಒತ್ತಿ ಬರೆದೆ. ಆಗಲೂ ಮೂಡದಿರಲು ಹಾಳೆ ಹರಿಯುವಷ್ಟು ಒತ್ತಿ, ಅಡಿಗೆರೆಯನ್ನೂ ಎಳೆದೆ. ತಾವು ಹಗಲು ಬೆಳಕಿನಲ್ಲಿ ಆ ಹಾಳೆಯನ್ನು ಬಿಡಿಸಿ ನೋಡಿದಾಗ, ಈ ಹಿರಿಯರ ಹಲ್ಲುಗಳಲ್ಲಿ ಎಂಥ ಹಸಿವು ಹೊತ್ತಿ ಉರಿಯುತ್ತಿದೆಯಪ್ಪಾ ಎಂದು ಬೆಚ್ಚಿಬಿದ್ದಿರಬೇಕು. ತಮ್ಮನ್ನು ದೂರಲಾರೆ.

ಕೆಲವು ತಿಂಗಳ ಬಳಿಕ ಸೂಪಿಗಾಗಿ ಅಂಗಡಿಗೆ ಹೋದಾಗ ಅಂಗಡಿಯಾತ ಇಲ್ಲವೆಂದು ಕೈ ಅಲ್ಲಾಡಿಸಿಬಿಟ್ಟ. “ಅದು ಬರೋದು ನಿಂತೋಯ್ತು ಸಾರ್. ಯಾರೋ ವಯಸ್ಸಾದವರನ್ನ ಕೂರಿಸಿ ಕುಡಿಸಿದ್ರಂತೆ, ಚೆನ್ನಾಗಿಲ್ಲ ಅಂದ್ರಂತೆ. ತಿಂದು ಅರಗಿಸಿಕೊಳ್ಳೋರಿಗೆ ಏನ್ ಗೊತ್ತು ಬಿಡಿ, ಪಾಪ ನುಂಗಕ್ಕಾಗದೇ ಇರೋರ ಕಷ್ಟ?” ಎಂದ. ಆ ಅವಿವೇಕಿಗಳ ವಂಶ, ವಿದ್ಯೆ, ಬುದ್ಧಿಗಳ ಬಗ್ಗೆ ನಾನು ಅಲ್ಲಿಯೇ ನಿಂತು, ಶುದ್ಧವಾದ ಭಾಷೆಯಲ್ಲಿ, ಸಾಕಷ್ಟು ಹೊತ್ತು ಮಾತನಾಡಿದೆ. ಸುತ್ತಲಿದ್ದ ಗಿರಾಕಿಗಳೆಲ್ಲ ತಲೆದೂಗಿದರು. ಅನಂತರ ಅದರ ಬದಲಿಗೆ ಬಂದಿದ್ದ ಹೊಸ ಪೊಟ್ಟಣವನ್ನೇ ಕೊಂಡು ತಂದೆ. ಅದರ ಮೇಲೆ “ಹಿರಿಯರೇ ಕೇಳಿ ಪಡೆದದ್ದು: ಈಗ ಹಲ್ಲಿಗೂ ಕೆಲಸ!” ಎಂದಿತ್ತು. ವಾಕ್ಯದ ಕಟ್ಟು ಚೆನ್ನಾಗಿದೆಯಲ್ಲ, ಯಾರೋ ಓದಿಕೊಂಡವರು ಬರೆದಿರಬೇಕು ಎಂದು ಮನೆಯ ದಾರಿಯುದ್ದಕ್ಕೂ ಮೆಚ್ಚಿಕೊಂಡು ಬಂದೆ. ಬರೆದವನು ಯಾರೆಂಬುದು ಹೊಳೆದದ್ದು ಪೊಟ್ಟಣ ಕತ್ತರಿಸುವಾಗ.

ಆದರೂ ಹೋಳುಗಳನ್ನು ಸೋಸಿ, ತಿಳಿಯನ್ನಾದರೂ ಕೊಡೋಣವೆಂದು ಕೊಟ್ಟೆ. ಹೊಸ ತಿಳಿ ನೀರಿನಷ್ಟು ತೆಳು. ಮೊದಲ ಚಮಚಕ್ಕೇ ಅಕ್ಕ ಕೆಮ್ಮತೊಡಗಿದಳು, ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು, ಉಸಿರು ನೆಟ್ಟಗಾಗುವವರೆಗೆ ನಾನು ಆಕೆಯ ಕೈ ಹಿಡಿದು ನಿಂತಿದ್ದೆ. ಸುಧಾರಿಸಿಕೊಂಡ ಮೇಲೆ ನಡೆದದ್ದನ್ನು ಹೇಳಿ ಪೊಟ್ಟಣವನ್ನು ತೋರಿಸಿದೆ. ಆಕೆ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, ಓದಿ, “ಅಂತೂ ನಿನ್ನ ಬರಹ ಅಚ್ಚಾಯ್ತಲ್ಲೋ ಮೇಷ್ಟ್ರೇ” ಎಂದಳು.

ಸೂಪನ್ನು ಮನೆಯಲ್ಲಿಯೇ ತಯಾರಿಸುವ ಸಾಹಸವನ್ನೂ ಮಾಡಿದ್ದೇನೆ. ಹಳೆಯ ಪೊಟ್ಟಣದ ಮೇಲೆ ಸಾಮಗ್ರಿಗಳನ್ನು ತೂಕದಲ್ಲಿ ಹೆಚ್ಚಿನಿಂದ ಕಡಿಮೆಗೆ ಇಳಿಯುವಂತೆ ಮುದ್ರಿಸಿರುವುದರಿಂದ, ಮೊದಲು ನೀರು, ಅನಂತರ ಆಲೂಗಡ್ಡೆ, ಕ್ಯಾರೆಟ್, ಹಾಲಿನ ಪುಡಿ ಎಂದು ಓದುತ್ತ ಹೋದೆ. ಗಟ್ಟಿಯಾಗಲೆಂದು ಕುದಿಯುವ ನೀರಿಗೆ ಹಿಟ್ಟು ಸುರಿದೆ, ಗೋಲಿಗಳಾದವು. ಅಕ್ಕ ಇಣುಕಿ ನೋಡಿ, “ಇದೇನು, ಪುಸ್ತಕಕ್ಕೆ ರಟ್ಟು ಹಾಕೋಕೆ ಕಲಸಿದ್ದಾ?” ಎಂದಳು. ನಮ್ಮ ಸಂಘದ ರಸಾಯನಶಾಸ್ತ್ರದ ಮೇಷ್ಟ್ರು ಬಂದು, ಬಿಸಿ ನೀರಿಗೆ ಬಿದ್ದ ಹಿಟ್ಟಿನ ಹೊರಪದರ ಮೊದಲೇ ಬೆಂದು ಒಳಗಿನದು ಒಣಗಿಯೇ ಉಳಿಯುತ್ತದೆ, ತಣ್ಣೀರಿನಲ್ಲಿ ಕದಡಿಕೊಳ್ಳಬೇಕು ಎಂದು ತಿದ್ದಿದರು. ಕದಡಿದೆ. ಬಂಗಾರದಂಥ ಹದ ಬಂತು. ಆದರೆ ಅಕ್ಕ ಅರ್ಧ ಕುಡಿಯುವಷ್ಟರಲ್ಲಿ ಬಟ್ಟಲಲ್ಲಿದ್ದದ್ದು ನೀರು ನೀರಾಯಿತು. ಬಾಯಿಗೆ ಹೋಗಿ ಬಂದ ಚಮಚಕ್ಕೆ ಅಂಟಿದ ಎಂಜಲು ಹಿಟ್ಟಿನ ಪಿಷ್ಟವನ್ನು ಬಟ್ಟಲಿನಲ್ಲೇ ಜೀರ್ಣಿಸುತ್ತದೆಯಂತೆ. ಎಂಜಲಿಗೆ ಬಗ್ಗದ ಬೇರೊಂದು ಅಂಟನ್ನು ತಾವು ಬಳಸಿದ್ದಿರಂತೆ. ಹಳೆಯ ಪೊಟ್ಟಣದ ಪಟ್ಟಿಯ ಕೊನೆಯಲ್ಲಿದ್ದ ಅದೇ ಅಂಟಿನ ಹೆಸರನ್ನು ನಾನು ಹಿಂದೊಮ್ಮೆ ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ, ಉಚ್ಚರಿಸಲಾಗದ್ದನ್ನು ಉಣ್ಣಬಾರದು ಎಂದು ಗುಡುಗಿದ್ದೆ. ಈಗ ಚಿಕಿತ್ಸಕಿ ತಂದುಕೊಟ್ಟ ಡಬ್ಬಿಯಿಂದ ಅದನ್ನೇ ಬಹು ಗೌರವದಿಂದ ತೆಗೆದು ಕಲಸುತ್ತಿದ್ದೇನೆ. ಗಟ್ಟಿಯಾಗುತ್ತದೆ, ಅಪಾಯವೂ ಇಲ್ಲ. ಆದರೆ ನನ್ನ ಕೈಯಲ್ಲಿ ದಿನಕ್ಕೊಂದು ಹದ. ಅಕ್ಕ ಕಾಲುಭಾಗ ಕುಡಿದು, ಸಾಕು ಎಂದು ಬಟ್ಟಲನ್ನು ಸರಿಸುತ್ತಾಳೆ. ಆಕೆಯ ಬಳೆಗಳು ಮೊಣಕೈವರೆಗೆ ಜಾರುತ್ತಿವೆ. ತೂಕ ಹೀಗೆಯೇ ಇಳಿದರೆ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಇಳಿಸಬೇಕಾಗುತ್ತದೆ ಎಂದು ಚಿಕಿತ್ಸಕಿ ಹೇಳಿದ್ದಾರೆ. “ಮೊದಲು ಇವನ ಮೂಗಿಗೆ ಹಾಕಿ, ಆಮೇಲೆ ನನಗೆ” ಎಂದು ಅಕ್ಕ ನಕ್ಕಳು. ಅವರು ಹೊರಟುಹೋದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಆದ್ದರಿಂದ ಮಾನ್ಯರೇ, ತಮ್ಮ ಕೇಳುವ ಕಿವಿಯನ್ನು ಮತ್ತೊಮ್ಮೆ ಬಾಗಿಸಬೇಕೆಂದು ಬೇಡುತ್ತೇನೆ. ನಮ್ಮ ಸಂಘ ಕೊಟ್ಟ ಅಂಕಗಳನ್ನೆಲ್ಲ ದಯವಿಟ್ಟು ಎರಡರಿಂದ ಗುಣಿಸಿರಿ. ಗಣಿತದ ಮೇಷ್ಟ್ರು ಹಾಗೆಂದು ಸಹಿ ಹಾಕಿಕೊಡಲು ಸಿದ್ಧರಿದ್ದಾರೆ, ವ್ಯಾಯಾಮದ ಮೇಷ್ಟ್ರ ಅಂಕವನ್ನು ನಾಲ್ಕರಿಂದ ಗುಣಿಸಿದರೂ ತಪ್ಪಿಲ್ಲ. ನಮ್ಮನ್ನು ಆ ಗೂಡುಗಳಿಂದ ಸಾರ್ವಜನಿಕವಾಗಿ ಡಿಬಾರ್ ಮಾಡಿರಿ. ತಮ್ಮ ನಮೂನೆಯ ಕಾಗುಣಿತವನ್ನು ಮೊದಲಿದ್ದಂತೆಯೇ ಬಿಟ್ಟುಬಿಡಿರಿ, ಅದರಿಂದ ಯಾರ ಗಂಟಲಿಗೂ ತೊಂದರೆಯಾಗಿಲ್ಲ. ಹಳೆಯ ಸೂಪನ್ನು ದೊಡ್ಡ ಕಡಾಯಿಯಲ್ಲಿ ಮಾಡಲಾಗದಿದ್ದರೆ ಮೂಲೆಯ ಯಾವುದಾದರೊಂದು ಸಣ್ಣ ಕಡಾಯಿಯಲ್ಲಿ ಮಾಡಿರಿ. ಕಡಾಯಿ ತೊಳೆಯುವ ಕೆಲಸಕ್ಕೆ ಭಾಷೆಯ ಮೇಷ್ಟ್ರೊಬ್ಬರು ಬಿಡುವಾಗಿದ್ದಾರೆ.

ಮತ್ತು ಮುಂದಿನ ಸಲ ಗೂಡಿನೊಳಗೆ, ಆ ಆಹಾರ ಯಾರಿಗಾಗಿಯೋ ಅವರನ್ನೇ ಕೂರಿಸಿರಿ. ಅಕ್ಕ ಬರಲು ಒಪ್ಪಿದ್ದಾಳೆ. ಅಂಕ ಎಷ್ಟು ಕೊಡುತ್ತೀಯೆಂದು ಕೇಳಿದ್ದಕ್ಕೆ, “ರುಚಿಗಾ? ಮೂರು. ಸಪ್ಪೆ ಅಂದ್ರೆ ಸಪ್ಪೆ ಅದು. ಆದ್ರೆ ಒಳಗೆ ಇಳಿಯೋದು ಕಣೋ. ಅದನ್ನ ಯಾಕೆ ಯಾರೂ ಕೇಳಲ್ಲ?” ಎಂದಳು. ತಮ್ಮ ನಮೂನೆಯಲ್ಲಿ ಬಣ್ಣಕ್ಕೆ, ವಾಸನೆಗೆ, ನಯಕ್ಕೆ, ಉಪ್ಪಿಗೆ ಎಲ್ಲಕ್ಕೂ ಒಂದೊಂದು ಅಂಕಣವಿತ್ತು. ಇಳಿಯಿತೇ ಎಂಬುದಕ್ಕೆ ಇರಲಿಲ್ಲ. ಅದು ಇಲ್ಲದಿರುವುದು, ಪ್ರತಿಯೊಂದು ದೀರ್ಘವನ್ನೂ ಒತ್ತಕ್ಷರವನ್ನೂ ತಿದ್ದಿದ ನನ್ನ ಕಣ್ಣಿಗೂ ಬಿದ್ದಿರಲಿಲ್ಲ.

ಯಾವ ಕಾರಣಕ್ಕೂ ನಂಬಬಾರದಾಗಿದ್ದ,
ತಮ್ಮ ವಿಶ್ವಾಸಿ,
ನಾಲ್ಕನೆಯ ಗೂಡಿನ ನಿವೃತ್ತ ಭಾಷಾ ಶಿಕ್ಷಕ

ವಿಶೇಷ ಸೂಚನೆ: ರುಚಿ ನೋಡಿದ್ದಕ್ಕೆ ಕೃತಜ್ಞತೆಯೆಂದು ತಾವು ಸಂಘಕ್ಕೆ ಕಳುಹಿಸಿದ ಹೊಸ ಸೂಪಿನ ಪೊಟ್ಟಣಗಳು ತಲುಪಿವೆ. ಅಕ್ಕ ಮಲಗಿದ್ದಾಗ, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಒಂದನ್ನು ಕುಡಿದೆ. ಬಹಳ ಚೆನ್ನಾಗಿದೆ. ದಯವಿಟ್ಟು ಇದನ್ನು ಅಲ್ಲಿ ಯಾರೂ ಬರೆದುಕೊಳ್ಳಬಾರದು.