ಇಟಲಿಯ ಹಿರಿಯರಿಗೆ ಎಡೆ

ಸಂಗೀತ ಅರ್ಥವಾಗದವರು ಕೊನೆಗೆ ತಲೆದೂಗುವುದನ್ನಾದರೂ ಕಲಿತಿರಬೇಕು. ನನಗೆ ಅದೂ ಬರಲಿಲ್ಲ. ತಾಳ ಒಂದು ಕಡೆ ಹೋದರೆ ನನ್ನ ತಲೆ ಇನ್ನೊಂದು ಕಡೆ. ಬಾದಾಮಿಯಲ್ಲಿ ಹಾರ್ಮೋನಿಯಂ ಕಲಿಸುತ್ತಿದ್ದ ಮಾವನವರಿಗೆ ಇದು ನನ್ನ ಮದುವೆಯ ದಿನವೇ ಗೊತ್ತಾಗಿಹೋಗಿತ್ತು. ಬಾಗಲಕೋಟೆಗೆ ಬಂದಾಗಲೆಲ್ಲ ವಿದ್ಯಾಗಿರಿಯ ನಮ್ಮ ಮನೆಯಲ್ಲಿ ಚಹಾ ಕುಡಿದು, ಸಂಜೆಯ ಬಸ್ಸಿಗೇ ಹೊರಟುಬಿಡುವರು. "ಸ್ವರ ಇಲ್ಲದ ಮನ್ಯಾಗ ನನಗ ನಿದ್ದಿ ಹತ್ತೂದಿಲ್ಲವಾ" ಎಂದು ಮಗಳಿಗೆ ಹೇಳುವರು. ಅವಳು ಆ ರಾತ್ರಿ ನನ್ನೊಡನೆ ಮಾತಾಡುತ್ತಿರಲಿಲ್ಲ. ಹೇಗಾದರೂ ಮಾಡಿ ಮಾವನವರನ್ನು ಒಂದು ರಾತ್ರಿ ಉಳಿಸಿಕೊಳ್ಳಬೇಕೆಂದು ನನಗೆ ಹಟ ಹುಟ್ಟಿತು.

ಎಂಬತ್ತರ ದಶಕ. ಮುಂಬಯಿಯ ಗೆಳೆಯನೊಬ್ಬ ಹಳೆಯ ಕಾಲದ ಇಟಲಿಯ ಪಿಟೀಲುಗಾರನ ಕ್ಯಾಸೆಟ್ ಕೊಟ್ಟ. ಹಿಂದುಸ್ತಾನಿಯಾದರೆ ಸಿಕ್ಕಿಬೀಳುತ್ತೇನೆ, ಇಟಲಿಯದಾದರೆ ಮಾವ-ಅಳಿಯ ಇಬ್ಬರೂ ಸಮ ಎಂದುಕೊಂಡು, ನಾನು ಪಾಠ ಮಾಡುತ್ತಿದ್ದ ಕಾಲೇಜಿನ ವಿಶ್ವಕೋಶ ತೆಗೆದು ಅವನ ಜೀವನ ಬಾಯಿಪಾಠ ಮಾಡಿದೆ. ಮುಂದಿನ ಸಲ ಬಂದಾಗ ಹಾಕಿದ ಕ್ಯಾಸೆಟ್ಟನ್ನು ಮಾವನವರು ಕಣ್ಣು ಮುಚ್ಚಿ ಆಲಿಸಿದರು.

"ಇವರ ಗುರುಗಳು ಯಾರು?"

"ಅವರ ತಂದೀನರಿ. ಮೊದಲು ಕ್ಷೌರ ಮಾಡ್ತಿದ್ರಂತ, ಆಮ್ಯಾಲ ಪಿಟೀಲು."

"ಶಿಷ್ಯರು?"

"ಅನಾಥಾಶ್ರಮದ ಹುಡುಗ್ಯಾರು. ಇವರು ಪಾದ್ರಿ ಇದ್ರು. ಕಡೀಕ ಪರಊರಾಗ ಬಡತನದಾಗ ತೀರಿಕೊಂಡ್ರು. ನೂರಾರು ವರ್ಷ ಯಾರೂ ನೆನಸಲಿಲ್ಲರಿ."

ಮಾವನವರ ಕಣ್ಣು ಒದ್ದೆಯಾದವು. "ಪಾದ್ರಿ ಅಂದ್ರ ಮಕ್ಕಳಿಲ್ಲ. ಎಡಿ ಇಡಾವ್ರು ಯಾರು? ತಿಥಿ ಗೊತ್ತೇನು?"

"ತಾರೀಖು ಐತ್ರಿ, ತಿಥಿ ಇಲ್ಲ."

"ತಿಥಿ ಗೊತ್ತಿಲ್ಲದವರಿಗೆಲ್ಲ ಮಹಾಲಯ ಅಮಾಸಿ ಐತಲ್ಲ. ಬರೂ ವಾರ ನಾ ಬರ್ತೇನಿ" ಎಂದು ಅವರು ಎಂದಿನ ಬಸ್ಸಿಗೇ ಹೊರಟರು. ನಾನು ಗೆದ್ದೆನೋ ಸೋತೆನೋ ತಿಳಿಯಲಿಲ್ಲ.

ಅಮಾವಾಸ್ಯೆಯ ದಿನ ಕ್ಯಾಸೆಟ್ಟಿನ ಮೇಲಿದ್ದ ಚಿತ್ರ ಚೌಕಟ್ಟು ಸೇರಿ, ನಮ್ಮಪ್ಪನ ಫೋಟೋದ ಪಕ್ಕದಲ್ಲಿ ಕೂತಿತು. ಹೆಗಲವರೆಗೆ ಇಳಿದ ಗುಂಗುರು ಕೂದಲು. ಪಕ್ಕದ ಮನೆಯ ಗಂಗವ್ವ ಬಂದವಳೇ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, "ನಿಮ್ಮ ಅಜ್ಜೀನೇನ್ರಿ ಸರ? ಕೂದಲ ಭಾಳ ಚಂದ ಅದಾವ" ಎಂದಳು.

"ಅಜ್ಜಿ ಅಲ್ಲವಾ, ಅಜ್ಜಾರು" ಎಂದಳು ನನ್ನ ಹೆಂಡತಿ.

"ಯಾರ ಕಡಿಯವರು?"

ಎಲ್ಲರೂ ನನ್ನನ್ನೇ ನೋಡಿದರು. ಗಲಿಬಿಲಿಯಲ್ಲಿ "ಅಪ್ಪನ ಕಡಿಯವರು" ಎಂದುಬಿಟ್ಟೆ.

ಹಿರಿಯರನ್ನು ಹೆಸರು ಹಿಡಿದು ಕರೆದು ಎಡೆ ಇಡುವುದು ಪದ್ಧತಿ. ಇಟಲಿಯವರ ಹೆಸರನ್ನು ಮಾವನವರು ಭಕ್ತಿಯಿಂದ, ತಮಗೆ ಬಂದಂತೆ, ಕರೆದರು. ನಮ್ಮಪ್ಪನದಾಯಿತು, ಅಜ್ಜನದಾಯಿತು. "ಅಳಿಯಂದ್ರ, ನಿಮ್ಮ ಮುತ್ತಜ್ಜಾರ ಹೆಸರು?" ಎಂದರು. ಇಟಲಿಯವನ ಅಪ್ಪನ ಕಸುಬು ಬಲ್ಲ ನನಗೆ ನನ್ನ ಮುತ್ತಜ್ಜನ ಹೆಸರೇ ಗೊತ್ತಿರಲಿಲ್ಲ. ಹೆಂಡತಿಯ ಮುಖ ನೋಡಿದೆ. ಅವಳು ಕಡುಬಿನ ಪಾತ್ರೆ ನೋಡುತ್ತಿದ್ದಳು.

ಅಂದು ಸಂಜೆಯ ಬಸ್ಸು ಮಾವನವರನ್ನು ಬಿಟ್ಟೇ ಹೋಯಿತು. "ಈ ಮನ್ಯಾಗ ಹಿಂದಿನದು ಗೊತ್ತಿದ್ದ ಹಿರ್ಯಾರು ಒಬ್ಬರಾದ್ರೂ ಇರಲಿ" ಎನ್ನುತ್ತ ಹಾಸಿಗೆ ಹಾಸಿಸಿಕೊಂಡರು. ಹೆಂಡತಿಗೆ ಹಿಗ್ಗೋ ಹಿಗ್ಗು. ಅವರನ್ನು ಉಳಿಸಿದ್ದು ಇಟಲಿಯ ಸಂಗೀತವೋ ನನ್ನ ದಡ್ಡತನವೋ ಎಂದು ಕೇಳುವ ಧೈರ್ಯವಾಗದೆ, ನಾನು ಇನ್ನೊಂದು ಕಡುಬು ಹಾಕಿಸಿಕೊಂಡೆ.