ನಾನು ಹುಬ್ಬಳ್ಳಿ ನೋಡದೇ ಇದ್ದದ್ದು

ಗೊತ್ತಿದ್ದದ್ದನ್ನು ಗೊತ್ತಿಲ್ಲದವರ ಹಾಗೆ ನೋಡುವುದು ಎಂಥ ಕಷ್ಟದ ಕೆಲಸ ಅನ್ನುವುದು ಮಾಡಿದವರಿಗೇ ಗೊತ್ತು. ಬಾಯಿಂದ ಸುಳ್ಳು ಹೇಳುವುದು ಅದರ ಮುಂದೆ ಏನೂ ಅಲ್ಲ. ಬಾಯಿ ಒಂದು ಸಲ ಆಡಿ ಸುಮ್ಮನಾಗುತ್ತದೆ. ಇದರಲ್ಲಿ ಕಣ್ಣು, ಹುಬ್ಬು, ಕಾಲು ಎಲ್ಲ ಸೇರಿ ದಿನವಿಡೀ ಸುಳ್ಳು ಹೇಳಬೇಕು. ನಾನು ಮದುವೆಯಾಗಿ ಆರನೇ ವರ್ಷ ಹುಬ್ಬಳ್ಳಿಯನ್ನು ಹಾಗೆ ನೋಡಿ ಬಂದೆ. ಮಧ್ಯಾಹ್ನದ ಹೊತ್ತಿಗೇ "ಅಯ್ಯ, ಇಷ್ಟು ದೊಡ್ಡ ಊರೇನ್ರಿ!" ಅಂದು ಅಂದು ಗಂಟಲು ಒಣಗಿತ್ತು.

ನನ್ನ ತವರು ಶಿಗ್ಗಾಂವ. ನಮ್ಮ ಕಡೆಯೆಲ್ಲ ಇನ್ನೂ ಮುಂಬೈ ಸರಕಾರದ ಕೈಯಲ್ಲಿದ್ದ ಕಾಲದಲ್ಲಿ, ನನಗೆ ಹತ್ತು ವರ್ಷವಿದ್ದಾಗ, ಹುಬ್ಬಳ್ಳಿಯಲ್ಲಿದ್ದ ಚಿಗವ್ವ ಶಾಂತಕ್ಕನಿಗೆ ಮಕ್ಕಳಿಲ್ಲವೆಂದು ನನ್ನನ್ನು ಅವಳ ಜೊತೆಗಿರಲು ಕಳಿಸಿದರು. ಎರಡು ವರ್ಷ ಇದ್ದೆ. ಚಿಗವ್ವ ಮನೆಯಲ್ಲಿ ನಿಲ್ಲುವ ಹೆಂಗಸಲ್ಲ. ಚಿಗಪ್ಪ ಊಟ ಮಾಡಿ ಅಂಗಡಿಗೆ ಹೋದರೆ ಸಾಕು, ಸೆರಗು ಹೊದ್ದು ಹೊರಟೇಬಿಡುತ್ತಿದ್ದಳು. ಥೇಟರಿನಲ್ಲಿ ಹೆಂಗಸರ ಬೆಂಚು, ಹೋಟೆಲಿನಲ್ಲಿ ಪರದೆ ಬಿಟ್ಟ ಕೋಣೆ, ಆಮೇಲೆ ಬಳೆಗಾರರ ಓಣಿಯಲ್ಲಿ ಚಾಚಾನ ಬಳೆ ಅಂಗಡಿ, ಇವು ನಮ್ಮ ಮೂರು ಕ್ಷೇತ್ರಗಳು. ಮೂರಕ್ಕೂ ಕಣ್ಣು ಕಟ್ಟಿ ಬಿಟ್ಟರೂ ನಾನು ಹೋಗಿ ಮುಟ್ಟುತ್ತಿದ್ದೆ. ಈಗ ಅಡುಗೆಮನೆಯಿಂದ ಪಡಸಾಲೆಗೆ ಬಂದು ಯಾಕೆ ಬಂದೆ ಅಂತ ಮರೆತು ನಿಲ್ಲುತ್ತೇನೆ, ಆ ಓಣಿಗಳು ಮಾತ್ರ ಇನ್ನೂ ಮರೆತಿಲ್ಲ.

ಹದಿನಾರಕ್ಕೆ ಹಿರೇಬೆಂಡಿಗೇರಿಯಿಂದ ನೋಡಲು ಬಂದರು. ಹುಡುಗನ ತಾಯಿಗೆ ಒಂದೇ ಅನುಮಾನ. "ಪ್ಯಾಟಿ ಕಂಡ ಹುಡುಗಿ ಹೊಲದಾಗ ನಿಂದ್ರೂದಿಲ್ಲರಿ. ನಿಮ್ಮ ಹುಡುಗಿ ಹೆಂಗ?" ಅಂದರು. ನಮ್ಮವ್ವ ಒಂದು ಗಳಿಗೆಯೂ ತಡೆಯಲಿಲ್ಲ. "ಅಯ್ಯ, ಹುಬ್ಬಳ್ಳಿ ಯಾವ ದಿಕ್ಕಿಗೈತಿ ಅನ್ನೂದ ಸೈತ ಗೊತ್ತಿಲ್ರಿ ಅಕಿಗೆ!" ನಾನು ತಲೆ ತಗ್ಗಿಸಿ ದಿಕ್ಕು ಗೊತ್ತಿಲ್ಲದವಳ ಹಾಗೆ ಕುಳಿತೆ. ನಮ್ಮವ್ವ ಆಡಿದ ಮಾತಿಗೆ ನಿಲ್ಲುವವಳು ಅಂತ ನಾಲ್ಕು ಊರಿನಲ್ಲಿ ಹೆಸರಿತ್ತು. ಆಕೆ ಹೇಳಿದ ಸುಳ್ಳು ಬಹುಶಃ ಅದೊಂದೇ. ಆದರೆ ಅದರ ಮೇಲೇ ನನ್ನ ಸಂಸಾರ ನಿಂತಿತ್ತು. ಅದು ಬಯಲಾದರೆ ತಟ್ಟೆಗೆ ರೊಟ್ಟಿ ಬೀಳುವಾಗಲೆಲ್ಲ ಜೊತೆಗೆ "ನಿಮ್ಮವ್ವ ಸುಳ್ಳು ಹೇಳಿ ಕೊಟ್ಟಾಳ" ಅನ್ನುವುದೂ ಬೀಳುತ್ತಿತ್ತು. ಹಂಗಾಗಿ ನಾನು ಆರು ವರ್ಷ ಹುಬ್ಬಳ್ಳಿಯ ಹೆಸರೆತ್ತಲಿಲ್ಲ.

ಎತ್ತುವ ಅವಶ್ಯಕತೆಯೂ ಇರಲಿಲ್ಲ ಅನ್ನಿ. ನಮ್ಮ ಮನೆಯವರು ಹುಬ್ಬಳ್ಳಿಯಲ್ಲಿ ಮೂರು ವರ್ಷ ಇದ್ದು ಮ್ಯಾಟ್ರಿಕ್ ಓದಿದವರು. ಎತ್ತಿಗೆ ಮೇವು ಹಾಕುವಾಗಲೂ ಹುಬ್ಬಳ್ಳಿಯ ಮಾತೇ. "ನಮ್ಮ ಮಿಸಳಿನ ಹೊಟೇಲ ಇತ್ತಲ್ಲ, ನಾ ಒಳಗ ಕಾಲಿಟ್ರ ಮಾಲಕ ಗಲ್ಲೆ ಬಿಟ್ಟು ಎದ್ದ ನಿಂದರ್ತಿದ್ದ" ಅನ್ನುವುದನ್ನು ವಾರಕ್ಕೆ ಎರಡು ಸಲವಾದರೂ ಕೇಳುತ್ತಿದ್ದೆ. ಕೊನೆಗೆ ಒಂದು ದಿವಸ "ನಡೀರಿ, ನಿಮಗೂ ತೋರಸ್ತೇನಿ" ಅಂತ ನನ್ನನ್ನೂ ಅತ್ತೆಯನ್ನೂ ಹೊರಡಿಸಿದರು. ಮಗಳನ್ನು ಮಾವನವರ ಹತ್ತಿರ ಬಿಟ್ಟು, ಬುತ್ತಿ ಕಟ್ಟಿಕೊಂಡು ಹೊರಟೆವು. ಬುತ್ತಿ ಯಾಕೆಂದರೆ ಅತ್ತೆ ಹೋಟೆಲಿನ ನೀರೂ ಮುಟ್ಟುವವರಲ್ಲ. ಅವರು ಹುಟ್ಟಿದಾಗಿನಿಂದ ಶಿಗ್ಗಾಂವ ದಾಟಿದವರೂ ಅಲ್ಲ. ವರ್ಷಕ್ಕೊಂದು ಸಲ ಹುಲಗೂರಿನ ದರ್ಗಾಕ್ಕೆ ಹರಕೆಗೆ ಹೋಗುವುದು, ಸಂಜೆಗೆ ಸಕ್ಕರೆ ತಂದು ಎಲ್ಲರ ಕೈಗೆ ಹಾಕುವುದು, ಅಷ್ಟೇ ಅವರ ಪ್ರವಾಸ.

ಹುಬ್ಬಳ್ಳಿಯಲ್ಲಿ ಬಸ್ಸಿಳಿದ ಅರ್ಧ ತಾಸಿಗೆ ನಮ್ಮ ಮನೆಯವರು ದಾರಿ ತಪ್ಪಿದರು. ತಪ್ಪಿತು ಅಂತ ಒಪ್ಪುವವರಲ್ಲ. "ರಸ್ತೆನ ಬದಲಿ ಮಾಡ್ಯಾರ" ಅಂದರು. ಎಡಕ್ಕೆ ಹೊರಳಿ ನಾಲ್ಕು ಹೆಜ್ಜೆ ಹಾಕಿದರೆ ಪೇಟೆ. ನನಗೆ ಹೇಳಲೂ ಬಾರದು, ಬಿಡಲೂ ಬಾರದು. ಅಷ್ಟರಲ್ಲಿ ಎಡಕ್ಕೆ ಒಂದು ಎಮ್ಮೆ ಹೊರಟಿತ್ತು. ದೇವರೇ ಕಳಿಸಿದ ಎಮ್ಮೆ. "ಏನ್ರಿ, ಆ ಎಮ್ಮಿ ಹಿಂದ ಹೋದ್ರ ಹೆಂಗರಿ? ಅದಕ್ಕ ದಾರಿ ಗೊತ್ತಿರಬೇಕು" ಅಂದೆ.

"ಇದು ಹಿರೇಬೆಂಡಿಗೇರಿ ಅಲ್ಲ, ಎಮ್ಮಿ ಹಿಂದ ಹೋಗಾಕ" ಅಂತ ನಕ್ಕು ಬಲಕ್ಕೆ ನಡೆದರು. ತಿರುಗಿ ತಿರುಗಿ ಅದೇ ಮೂಲೆಗೆ ಮೂರನೇ ಸಲ ಬಂದಾಗ ಅತ್ತೆ ನಿಂತುಬಿಟ್ಟರು. "ಬಸ್ಯಾ, ಮ್ಯಾಟ್ರಿಕ್ ಆದ ನಿನಕಿಂತ ಆ ಎಮ್ಮಿನ ಶ್ಯಾಣ್ಯಾತು. ನನ್ನ ಕಾಲು ಸೋತಾವು. ನಾವು ಈ ಓಣ್ಯಾಗ ನೆರಳಿಗೆ ಕುಂಡ್ರತೇವಿ, ನೀ ಹೊಟೇಲ ಹುಡಿಕ್ಕೊಂಡು ಬಾ" ಅಂದವರೇ, ಎಮ್ಮೆ ಹೋದ ಓಣಿಯಲ್ಲಿ ನಡೆದು, ಎರಡನೇ ತಿರುವಿನಲ್ಲಿ ಹೊರಳಿ, ತಂಪಾದ ಒಂದು ಕಟ್ಟೆಯ ಮೇಲೆ ಕುಳಿತರು. ಎಷ್ಟು ಸಲೀಸಾಗಿ ಹೋಗಿ ಕುಳಿತರು ಅನ್ನುವುದು ನನ್ನ ತಲೆಗೇ ಬರಲಿಲ್ಲ. ನಾನು ನನ್ನ ನಾಟಕದಲ್ಲಿ ಮುಳುಗಿದ್ದೆ. ಕತ್ತೆತ್ತಿ ನೋಡಿದರೆ ಬಳೆಗಾರರ ಓಣಿ. ಕುಳಿತದ್ದು ನಮ್ಮ ಚಾಚಾನ ಅಂಗಡಿಯ ಕಟ್ಟೆ.

ಗುರುತು ಸಿಗದಿರಲೆಂದು ಸೆರಗು ಮುಖಕ್ಕೆ ಎಳೆದುಕೊಂಡೆ. ಆಮೇಲೆ ನೋಡಿದೆ, ಚಾಚಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪಾಪ ಅನ್ನಿಸಬೇಕಾದ ಜಾಗದಲ್ಲಿ ನನಗೆ ಹಾಯೆನಿಸಿತು. ಆದರೂ ಜಾಗ್ರತೆಗೆ "ಅತ್ತಿ, ನನಗ ಬಳಿ ಬ್ಯಾಡ್ರಿ" ಅಂದೆ.

"ಬಳಿಗಾರನ ಕಟ್ಟಿ ಹತ್ತಿ ಹಂಗ ಎದ್ದ ಹೋಗ್ತಾರೇನು? ಮುತ್ತೈದಿ ನೀ. ಕೈ ಕೊಡು."

ಕೊಟ್ಟೆ. ಚಾಚಾ ಹಸಿರು ಬಳೆ ತೆಗೆದುಕೊಂಡು, ನನ್ನ ಹೆಬ್ಬೆರಳನ್ನು ಅಂಗೈಗೆ ಮಡಚಿದ, ಅಲ್ಲಿಗೇ ನಿಂತ. ಚಿಗವ್ವನ ಮನೆಯ ಜೋಕಾಲಿಯಿಂದ ಬಿದ್ದು ಆ ಬೆರಳಿನ ಕೀಲು ಉಬ್ಬಿ ಗುಬುಟಾಗಿತ್ತು. "ಅರೆ! ನೀ ಶಾಂತಕ್ಕನ ಮನಿ ನೀಲಿ ಅಲ್ಲ? ವಾರಾ ವಾರಾ ಬಳಿ ಹೆಚ್ಚಿಸಿಕೊಂಡು ಬರಾಕಿ!" ಅಂದ. ಬಳೆ ಒಡೆಯಿತು ಅನ್ನಬಾರದು ನೋಡಿ, ಹೆಚ್ಚಿತು ಅನ್ನಬೇಕು. ನಾನು ಹೆಚ್ಚಿಸಿದಷ್ಟು ಆ ಓಣಿಯಲ್ಲಿ ಯಾರೂ ಹೆಚ್ಚಿಸಿರಲಿಕ್ಕಿಲ್ಲ.

"ನೀವು ಬ್ಯಾರೆ ಯಾರನ್ನೋ ಅನ್ನಾಕತ್ತೀರಿ. ನಾ ಹಿರೇಬೆಂಡಿಗೇರಿಯಾಕಿ" ಅಂದೆ.

"ಮಾರಿ ಬ್ಯಾರೆ ಇರಬಹುದು ಬೇಟಿ. ಹೆಣ್ಮಕ್ಕಳ ಮಾರಿ ನಾ ಯಾವಾಗ ನೋಡೇನಿ? ನಲವತ್ತು ವರ್ಷ ನೋಡಿದ್ದು ಕೈ. ಸಿನಿಮಾ ಬಿಟ್ಟ ಮ್ಯಾಲೆ ಇದ ಕಟ್ಟಿ ಮ್ಯಾಲೆ ನಿಂತು, ಕಳ್ಳ ಹೆಂಗ ಬಿದ್ದ ಅಂತ ಬಿದ್ದು ತೋರಸ್ತಿದ್ದಿ!"

ಇನ್ನು ಮುಚ್ಚಲು ಏನೂ ಉಳಿಯಲಿಲ್ಲ. ಅತ್ತೆ ಬಳೆಗಳನ್ನೇ ನೋಡುತ್ತ ಕೇಳಿದರು, "ನಿಮ್ಮವ್ವ ದಿಕ್ಕ ಗೊತ್ತಿಲ್ಲ ಅಂದಿದ್ಲಲ್ಲ?"

"ದಿಕ್ಕ ಗೊತ್ತಿರಲಿಲ್ರಿ ಅತ್ತಿ. ಓಣಿ ಅಷ್ಟ ಗೊತ್ತಿದ್ವು."

"ಬಾಯಿ ನೋಡು! ನಾಳೆನ ನಿಮ್ಮವ್ವನ್ನ ಕರೆಸ್ತೇನಿ. ನಾಕು ಮಂದಿ ಮುಂದ ಕೇಳ್ತೇನಿ."

ನಮ್ಮವ್ವ ನಾಲ್ಕು ಮಂದಿಯ ಮುಂದೆ ತಲೆ ತಗ್ಗಿಸಿ ನಿಂತ ಹಾಗೆ ಕಣ್ಣ ಮುಂದೆ ಬಂತು. ಆಗ ನಿಜವಾಗಿ ಅಳು ಬಂತು. ಚಾಚಾ ಮಾತ್ರ ತನ್ನ ಪಾಡಿಗೆ ತಾನು ನನ್ನ ಕೈಗೆ ಬಳೆ ಇಟ್ಟು ಮುಗಿಸಿ, "ನೀವು ಕೊಡ್ರಿ ಅಕ್ಕಾರ" ಅಂದ. ಅತ್ತೆ ಬೆಂಕಿ ತಾಗಿದವರಂತೆ ಕೈ ಸೆರಗಿನೊಳಗೆ ಎಳೆದುಕೊಂಡರು. "ನನಗ ಬ್ಯಾಡ!"

ಆ ಎಳೆತ ನೋಡಿದ ಮೇಲೆ ನನ್ನ ಬುದ್ಧಿ ಜಾಗೆಗೆ ಬಂತು. ಕಣ್ಣೊರೆಸಿಕೊಂಡು ಬಹಳ ವಿನಯದಿಂದ ಅಂದೆ, "ಬಳಿಗಾರನ ಕಟ್ಟಿ ಹತ್ತಿ ಹಂಗ ಎದ್ದ ಹೋಗ್ತಾರೇನ್ರಿ ಅತ್ತಿ? ಮುತ್ತೈದಿ ನೀವು."

ತಾವೇ ಹೇಳಿದ ಶಾಸ್ತ್ರ, ಮೀರುವ ಹಾಗಿಲ್ಲ. ಕೈ ಕೊಟ್ಟರು. ಚಾಚಾನ ಬೆರಳು ಅವರ ಕಿರುಬೆರಳ ಬುಡದಲ್ಲಿದ್ದ ಕುಡುಗೋಲಿನ ಗಾಯದ ಗುರುತಿಗೆ ತಾಗಿತೋ ಇಲ್ಲವೋ, ಅವನ ಮುಖ ಅರಳಿತು. "ಹುಲಗೂರ ಅಕ್ಕಾರು! ನೀವಂತ ಮೊದಲ ಹೇಳಬಾರದೇನ್ರಿ? ವರ್ಷಾ ತಪ್ಪಸೋರಲ್ಲ. ಈ ಸಲ ತಡಾ ಆತು. ಹೋದ ವರ್ಷ ಆ ಮಿಸಳಿನ ಹೊಟೇಲ ಮುಚ್ಚೈತಿ ಅಂತ ಎಷ್ಟು ಬ್ಯಾಸರ ಮಾಡ್ಕೊಂಡಿದ್ರಿ. ಈಗ ಅಲ್ಲಿ ಬಾಂಡೆ-ಪಾತ್ರಿ ಅಂಗಡಿ ಜೋರ ನಡದೈತಿ."

ನಾನು ಅತ್ತೆಯನ್ನು ನೋಡಲಿಲ್ಲ. ನೋಡಿದ್ದರೆ ನಕ್ಕುಬಿಡುತ್ತಿದ್ದೆ. ಹುಲಗೂರಿನ ಸಕ್ಕರೆ, ಹುಲಗೂರಿನಲ್ಲಿ ಕೊಂಡೆ ಅನ್ನುತ್ತಿದ್ದ ಬಳೆ ಎಲ್ಲ ಕಣ್ಣ ಮುಂದೆ ಬಂದವು. ಬೆಳಗ್ಗೆ ದರ್ಗಾಕ್ಕೆ ಕೈ ಮುಗಿದು, ಅಲ್ಲಿಂದಲೇ ಹುಬ್ಬಳ್ಳಿ ಬಸ್ಸು ಹತ್ತುತ್ತಿದ್ದರು ಅನ್ನಿ. ಎಲ್ಲಕ್ಕಿಂತ ಹೆಚ್ಚಾಗಿ, ಹೋಟೆಲು ಇಲ್ಲವೆಂದು ಗೊತ್ತಿದ್ದೂ ಹೆತ್ತ ಮಗನನ್ನು ಬಿಸಿಲಿನಲ್ಲಿ ಮೂರು ಸುತ್ತು ಹೊಡೆಸಿದ್ದರು!

ಅತ್ತೆ ಬಳೆ ಇಡಿಸಿಕೊಂಡು, ಬಳೆಗೂ ಚಾಚಾನಿಗೂ ನಮಸ್ಕಾರ ಮಾಡಿ, ಸೆರಗು ಸರಿಮಾಡಿಕೊಂಡರು. ಆಮೇಲೆ ಅಂದರು, "ನಿಮ್ಮವ್ವನ್ನ ಕರೆಸೂದ ಬ್ಯಾಡ ಬಿಡು. ಬಿಸಲಾಗ ಯಾಕ ಬರ್ತಾಳ, ಪಾಪ."

"ಹೂಂರಿ. ಭಾಳ ಬಿಸಲೈತಿ" ಅಂದೆ.

ಅಷ್ಟರಲ್ಲಿ ನಮ್ಮ ಮನೆಯವರು ಬಾಯಿ ಒರೆಸಿಕೊಳ್ಳುತ್ತ ಬಂದರು. "ಸಿಕ್ತು! ನನ್ನ ನೋಡಿದ್ದ ತಡಾ, ಮಾಲಕ ಎದ್ದ ನಿಂತಾ. ಬ್ಯಾಡ ಬ್ಯಾಡ ಅಂದ್ರೂ ಚಾ ಕುಡಿಸಿದಾ. ನಿಮ್ಮನ್ನೂ ಕರಕೊಂಡು ಹೋಗ್ತಿದ್ದೆ, ಆದ್ರ ಗದ್ದಲ ಭಾಳ ಐತಿ."

ಅತ್ತೆ ಗಂಭೀರವಾಗಿ ಕೇಳಿದರು, "ಹೌದಾ? ತಂಬಿಗಿ ಅಷ್ಟ ಕೊಟ್ಟನೋ, ಒಳಗ ಚಾನೂ ಇತ್ತೋ?"

ನಮ್ಮ ಮನೆಯವರಿಗೆ ತಿಳಿಯಲಿಲ್ಲ. ನನಗೆ ಕೆಮ್ಮು ಬಂತು. ಮೂವರೂ ಬುತ್ತಿ ಬಿಚ್ಚಿ ಅದೇ ಕಟ್ಟೆಯ ಮೇಲೆ ರೊಟ್ಟಿ ತಿಂದೆವು. ಎಲ್ಲರಿಗಿಂತ ಎರಡು ರೊಟ್ಟಿ ಹೆಚ್ಚು ತಿಂದವರು ಹೋಟೆಲಿಗೆ ಹೋಗಿ ಬಂದವರೇ.

ಮರುವರ್ಷದಿಂದ ಹುಲಗೂರಿನ ಹರಕೆಗೆ ಅತ್ತೆಯ ಜೊತೆ ನಾನೂ ಹೊರಟೆ. ಸೊಸೆಗೆ ಭಕ್ತಿ ಹೆಚ್ಚು ಅಂತ ಊರಲ್ಲಿ ಹೆಸರಾಯಿತು. ನಮ್ಮವ್ವನ ಮಾತು ಕೊನೆತನಕ ಉಳಿಯಿತು.

ಹೋದ ತಿಂಗಳು ಮೊಮ್ಮಗಳು ನನಗೆ ಫೋನಿನಲ್ಲಿ ಕನ್ನಡ ಅಕ್ಷರ ಒತ್ತುವುದನ್ನು ಕಲಿಸಲು ಕುಳಿತಳು. ಈ ಡಬ್ಬಿಯನ್ನು ನಾನು ಮುಟ್ಟಿಯೇ ಇಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೆ. ಅವಳು ನನ್ನ ಕೈ ಹಿಡಿದು ತೋರಿಸಲು ಹೋದರೆ, ಗುಬುಟಿನ ಹೆಬ್ಬೆರಳು ತಾನೇ ಓಡಿ ಹೋಗಿ ಸಿನಿಮಾ ಇರುವ ಚೌಕ ಒತ್ತಿತು. ಹಿಂದಿನ ದಿನ ಮಧ್ಯಾಹ್ನ ನಾನು ಅರ್ಧಕ್ಕೆ ಬಿಟ್ಟದ್ದು ಅಲ್ಲಿಂದಲೇ ಮುಂದೆ ಹಾಡತೊಡಗಿತು. ಹುಡುಗಿ ನನ್ನನ್ನೂ ಬೆರಳನ್ನೂ ನೋಡಿದಳು. "ಅಜ್ಜಿ, ಈ ದಾರಿ ನಿನಗ ಯಾರು ತೋರ್ಸಿದ್ರು?"

"ನನಗೇನ ಗೊತ್ತವ್ವಾ" ಅಂದೆ. "ಎಮ್ಮಿ ಹಿಂದ ಹೊಂಟಿದ್ದೆ."