ಕಾಕಾನ ಸೌಂಡ್ ಡಿಪಾರ್ಟ್‌ಮೆಂಟು

ನಮ್ಮ ಕಾಕಾನಿಗೆ ಕಿವಿ ಅಷ್ಟಕ್ಕಷ್ಟೇ. ಆದ್ದರಿಂದಲೇ ಅವರು ಸೌಂಡ್ ಡೈರೆಕ್ಟರ್ ಆದರು ಎಂದರೆ ನೀವು ನಗಬಹುದು. ಆದರೆ ಇದು ನನ್ನ ಕುಹಕವಲ್ಲ, ಅವರದೇ ವಾದ.

"ಚೊಲೋ ಕಿವಿ ಇದ್ದವ್ರಿಗೆ ಹಾಳುಮೂಳು ಸಪ್ಪಳ ಎಲ್ಲಾ ಕೇಳಸ್ತಾವ. ನನಗ ದಮ್ ಇದ್ದದ್ದಷ್ಟ ಕೇಳಸ್ತದ. ನನಗ ಕೇಳಿಸ್ತಂದ್ರ ಆ ಸಪ್ಪಳ ಪಾಸು."

ಕಾಕಾ ಮೂಲತಃ ಧಾರವಾಡದವರು. ಪುಣೆಯ ಪಕ್ಕದ ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಪಕ್ಕ ನಿಂತೇ ನೌಕರಿ ಮುಗಿಸಿದರು. ಯಂತ್ರ ಅವರನ್ನು ಗೌರವದಿಂದ ನಿವೃತ್ತಿಗೆ ಕಳಿಸಿತು, ಕಿವಿಗಳನ್ನು ಮಾತ್ರ ತನ್ನ ಹತ್ತಿರವೇ ಇಟ್ಟುಕೊಂಡಿತು. ಮಗಳು ತಂದುಕೊಟ್ಟ ಶ್ರವಣಯಂತ್ರ "ಸೀಟಿ ಹೊಡೀತದ" ಎಂಬ ಆರೋಪ ಹೊತ್ತು ಕಪಾಟು ಸೇರಿದೆ.

ಅವರ ಹೆಂಡತಿ, ಅಂದರೆ ನಮ್ಮ ಕಾಕು, ಅಲ್ಲೇ ಚಿಂಚವಾಡದ ತಮ್ಮ ಫ್ಲಾಟಿನಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರತೊಡಗಿದಾಗ ಇನ್‌ಸ್ಟಾಗ್ರಾಮ್ ಪುಟ ತೆರೆಯುವ ಹೊಣೆ ಸಹಜವಾಗಿ ನನಗೆ ಬಂತು. ಮೊಬೈಲಿನಲ್ಲಿ ಓಡುವ ಜಾಹೀರಾತು ಮಾಡುವುದೇ ನನ್ನ ಹೊಟ್ಟೆಪಾಡು. ಕಾಕು ರೊಟ್ಟಿ ಬಡಿಯುವ ಚೆಂದದ ವಿಡಿಯೊ ತೆಗೆದು, ಆಗ ಎಲ್ಲರೂ ಹಾಕುತ್ತಿದ್ದ ಒಂದು ಹಾಡು ಜೋಡಿಸಿದೆ. ಕಾಕಾ ಮೊಬೈಲನ್ನು ದವಡೆಗೆ ಒತ್ತಿ ಹಿಡಿದು ಆಲಿಸಿದರು. ಅವರು ಫೋನ್ ಕೇಳುವುದೇ ಹಾಗೆ, ಹಲ್ಲುನೋವು ಬಂದವರ ಭಂಗಿಯಲ್ಲಿ.

"ಈ ಹಾಡು ಯಾಕ ಹಾಕಿ?"

"ಎಲ್ಲಾರೂ ಇದನ್ನ ಹಾಕ್ತಾರ, ಕಾಕಾ. ಟ್ರೆಂಡಿಂಗ್ ಅದ" ಎಂದು ಒದರಿದೆ.

"ನಿನ್ನೆ ಇದೇ ಡುಬ್ ಡುಬ್‌ಗೆ ಒಬ್ಬಾವ ಟಾಯರ್ ಮಾರಾಕತ್ತಿದ್ದ. ಇದನ್ನ ಕೇಳಿದ್ರ ಮಂದಿಗೆ ರೊಟ್ಟಿ ನೆನಪಾಗಬೇಕೋ, ಟಾಯರ್ ನೆನಪಾಗಬೇಕೋ?"

ಇದೇ ಮಾತನ್ನು ನಮ್ಮ ಆಫೀಸಿನಲ್ಲಿ ದೊಡ್ಡ ಪರದೆ ಇಳಿಬಿಟ್ಟು, ಬಣ್ಣಬಣ್ಣದ ಚಿತ್ರ ತೋರಿಸಿ, ಗಿರಾಕಿಗಳಿಗೆ ಬಿಸ್ಕತ್ತು ತಿನ್ನಿಸುತ್ತಾ ಹೇಳುತ್ತೇವೆ. ಬ್ರ್ಯಾಂಡಿಗೆ ತನ್ನದೇ ಆದ ಸದ್ದು ಬೇಕು, ಕಣ್ಣು ಮುಚ್ಚಿದರೂ ಗುರುತು ಸಿಗಬೇಕು ಎಂದು. ಕಾಕಾ ಅದನ್ನು ಬಿಸ್ಕತ್ತಿಲ್ಲದೆ ಹೇಳಿದರು. ಅವತ್ತಿನಿಂದ ಮನೆಯಲ್ಲಿ ಸೌಂಡ್ ಡಿಪಾರ್ಟ್‌ಮೆಂಟು ಶುರುವಾಯಿತು.

ಮೊದಲು ಪರೀಕ್ಷೆಗೆ ಕೂತದ್ದು ಖಡಕ್ ರೊಟ್ಟಿ ಮುರಿಯುವ ಸದ್ದು. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯದು ಬೇಕಿರಲಿಲ್ಲ. ಕಾಕಾ ಒಂದಾದ ಮೇಲೊಂದು ಮುರಿಸಿ, ಮೊಬೈಲಿನಲ್ಲಿ ಹಿಡಿದದ್ದನ್ನು ದವಡೆಗೆ ಹಚ್ಚಿ ಕೇಳಿ, "ಫೇಲ್" ಎಂದರು. ಒಗ್ಗರಣೆಯ ಸಾಸಿವೆ, ಫೇಲ್. ಕಾಕುವಿನ ಬಳೆ, ಫೇಲ್. ಮುರಿದ ರೊಟ್ಟಿಗಳನ್ನೆಲ್ಲ ನಾನೇ ತಿಂದು ಮುಗಿಸಬೇಕಾಯಿತು. ಕೊನೆಗೆ ಕಲ್ಲಿನ ಕುಟ್ಟಾಣಿಯಲ್ಲಿ ಶೇಂಗಾ ಕುಟ್ಟುವ ಸದ್ದು ಪಾಸಾಯಿತು. ಕಾಕಾ ಎಷ್ಟು ಖುಷಿಯಾದರೆಂದರೆ ತಾವೇ ಗುಂಡು ಹಿಡಿದು ಕುಟ್ಟತೊಡಗಿದರು. ಅಷ್ಟರಲ್ಲಿ ಕೆಳಗಿನ ಮನೆಯ ಗೃಹಸ್ಥರು ಬಾಗಿಲಿಗೆ ಬಂದರು.

"ಕಾಕಾ, ವರ್ ಕಾಯ್ ತೋಡ್ತಾಯ್?"

ಮೇಲೆ ಏನು ಒಡೆಯುತ್ತಿದ್ದೀರಿ ಎಂಬುದು ಅವರ ವಿಚಾರಣೆ. ಕಾಕಾ ನನ್ನ ಕಡೆ ತಿರುಗಿ ತೃಪ್ತಿಯಿಂದ ಅಂದರು: "ಕೆಳಗಿನ ಮನೀಗೂ ಮುಟ್ಟೇದ. ಬ್ರ್ಯಾಂಡ್ ಪಸರಸಾಕತ್ತದ."

ಕುಟ್ಟಾಣಿಗೆ ಹೌಸಿಂಗ್ ಸೊಸೈಟಿಯ ನಿಷೇಧ ಬಿದ್ದ ಮೇಲೆ ಕಾಕಾ ನನಗೂ ಹೇಳದೆ ಒಂದು ವಿಡಿಯೊ ಮಾಡಿ ಹಾಕಿಬಿಟ್ಟರು. ರೊಟ್ಟಿ ಬಡಿಯುವ ಸದ್ದೊಂದೇ, ಹಾಡಿಲ್ಲ, ಮಾತಿಲ್ಲ. ಹಾಗೆಂದು ಅವರು ತಿಳಿದಿದ್ದರು. ಕಿಟಕಿಯಾಚೆ ಸೊಪ್ಪು ಮಾರುವ ಹೆಂಗಸೊಬ್ಬಳು "ಮೇಥೀ ಘ್ಯಾ, ಪಾಲಕ್ ಘ್ಯಾ" ಎಂದು ಇಂಪಾಗಿ ಕೂಗುತ್ತ ಹೋದದ್ದು ಅವರ ಕಿವಿಯ ಪಟ್ಟಿಯಲ್ಲಿ ಇರಲೇ ಇಲ್ಲ. ಮರುದಿನ ಪುಟದ ತುಂಬ ವಿಚಾರಣೆ: ಮೆಂತ್ಯ ಸೊಪ್ಪು ಹೇಗೆ ಕೊಡುತ್ತೀರಿ? ಕಾಕು ವ್ಯವಹಾರಸ್ಥೆ. ಆ ಹೆಂಗಸನ್ನು ಕರೆದು ರೊಟ್ಟಿಯ ಜೊತೆಗೆ ಸೊಪ್ಪಿನ ಕಟ್ಟನ್ನೂ ಮಾರಿದರು. ಆಕೆ ಮಾತ್ರ ಕಾಕಾನನ್ನು ಕಂಡಾಗಲೆಲ್ಲ, ಮುಂದಿನ ರೆಕಾರ್ಡಿಂಗ್ ಯಾವಾಗ ಎಂದು ಕೇಳತೊಡಗಿದಳು. ರೊಟ್ಟಿಗೆ ಸಿಗದ ಹೆಸರು ಸೊಪ್ಪಿಗೆ ಸಿಕ್ಕಿತ್ತು.

ಇಷ್ಟು ಹಟ ಯಾಕೆ ಈ ಮನುಷ್ಯನಿಗೆ? ನನಗೆ ಕುತೂಹಲ. ಕಾಕುವನ್ನು ಕೇಳಿದೆ.

"ಮನ್ಯಾಗ ಸಪ್ಪಳ ಕಡಿಮಿ ಆಗೇದಲ್ಲ, ಅದಕ್ಕ ಹುಡುಕತಾರ" ಎಂದರು ಕಾಕು, ಹಿಟ್ಟು ನಾದುತ್ತಲೇ. "ನಾ ಒಮ್ಮೆ ಹೇಳಿದ್ರ ಅವ್ರಿಗೆ ಕೇಳಸಂಗಿಲ್ಲ. ಎರಡನೇ ಸಲ ಒದರಬೇಕು. ಒದರಿದ್ರ, ಚಾ ಕುಡೀರಿ ಅನ್ನೂದೂ ಜಗಳಾಡಿದಂಗ ಕೇಳಸ್ತದ. ಹಿಂಗಾಗಿ ಊಟ, ಔಷಧ, ಹಾಲು, ಇಷ್ಟ ಮಾತಾಡ್ತೀನಿ. ಉಳಿದದ್ದು ಹೊಟ್ಟ್ಯಾಗ ಇರ್ಲಿ."

ನಾನು ರೊಟ್ಟಿ ತಿನ್ನುತ್ತ ಕೂತೆ.

ಅದರ ಮುಂದಿನ ಭಾನುವಾರ ನನ್ನದೇ ಒಂದು ಒಳ್ಳೆಯ ಮೈಕು, ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನು ಹೊತ್ತು ಅವರ ಮನೆಗೆ ಹೋದೆ. ರೊಟ್ಟಿ ಬಡಿಯುವ ಸದ್ದನ್ನು ಸರಿಯಾಗಿ ಹಿಡಿಯೋಣ ಎಂಬುದಷ್ಟೇ ನನ್ನ ಲೆಕ್ಕ. ಮೈಕನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ನಿಲ್ಲಿಸಿ, ಅದಕ್ಕೆ ಬಿದ್ದ ಸದ್ದು ನೇರವಾಗಿ ಹೆಡ್‌ಫೋನಿಗೆ ಬರುವಂತೆ ಜೋಡಿಸಿದೆ. ಡೈರೆಕ್ಟರ್ ಸಾಹೇಬರು ಹೆಡ್‌ಫೋನು ಏರಿಸಿಕೊಂಡು ಕುರ್ಚಿಯಲ್ಲಿ ಕೂತರು. ನಾನು ಹೆಡ್‌ಫೋನಿನ ದನಿಯನ್ನು ಏರಿಸುತ್ತ ಹೋದೆ. ಅವರು ಇನ್ನೂ, ಇನ್ನೂ ಎಂದು ಕೈಸನ್ನೆ ಮಾಡುತ್ತ ಹೋದರು.

ಕಾಕು ನಮ್ಮಿಬ್ಬರಿಗೂ ಬೆನ್ನು ಹಾಕಿ ರೊಟ್ಟಿ ಬಡಿಯುತ್ತ, ತಮ್ಮಷ್ಟಕ್ಕೆ ಗೊಣಗಿದರು: "ಈ ಸಲದ ಹಿಟ್ಟು ಬರೇ ಹರೀತದ. ಗಿರಣ್ಯಾವ ಹಳೇ ಜ್ವಾಳ ಬೀಸ್ಯಾನ. ಇವ್ರಿಗೆ ಹೇಳಿದ್ರೂ ಅಷ್ಟ."

"ನಾಳೆ ಗಿರಣ್ಯಾಗ ಕೇಳ್ತೀನಿ" ಎಂದರು ಕಾಕಾ.

ಕಾಕುವಿನ ಕೈ ನಿಂತಿತು. ತಿರುಗಿ ನೋಡಿದರು. "ಏನ್ ಕೇಳ್ತೀರಿ?" ಎಂದರು, ಒದರದೆ, ಮಾಮೂಲು ದನಿಯಲ್ಲಿ.

"ಹಳೇ ಜ್ವಾಳ ಅಂದಿಯಲ್ಲ, ಅದನ್ನ." ಕಾಕಾ ಹೆಡ್‌ಫೋನನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. "ನಿನ್ನ ದನಿ ಇನ್ನೂ ಮೊದಲಿನ ಹಂಗ ಅದ. ನಾ ಎಲ್ಲೋ ಅದೂ ಮುದುಕಿ ಆಗಿರ್ತದ ಅಂದ್ಕೊಂಡಿದ್ದೆ."

ಎದ್ದು ಹೋಗಿ ಮೈಕನ್ನು ರೊಟ್ಟಿಯ ಕಡೆಯಿಂದ ಕಾಕುವಿನ ಕಡೆಗೆ ತಿರುಗಿಸಿದರು. "ಇನ್ನೊಂದೀಟು ಮಾತಾಡು."

"ಏನ್ ಮಾತಾಡ್ಲಿ?"

"ಏನರ."

ಕಾಕು ಸೆರಗಿಗೆ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು. ಮೊದಲು ಗಿರಣಿಯವನನ್ನು ವಿಚಾರಿಸಿಕೊಂಡರು. ಅಲ್ಲಿಂದ ಹುಬ್ಬಳ್ಳಿಯ ಅಕ್ಕನ ಮೊಣಕಾಲಿಗೆ ಹೋದರು, ಅಲ್ಲಿಂದ ಮೊಮ್ಮಗಳು ಫೋನಿನಲ್ಲಿ ಹೇಳಿದ ಒಂದು ನಗೆಮಾತಿಗೆ. ಒದರಿ ಹೇಳಿದರೆ ನಗೆ ಬರುವುದಿಲ್ಲವೆಂದು ಅದನ್ನು ಅವರು ಕಾಕಾನಿಗೆ ಹೇಳಿಯೇ ಇರಲಿಲ್ಲವಂತೆ. ಕಾಕಾ ಸರಿಯಾದ ಜಾಗದಲ್ಲೇ ನಕ್ಕರು. ಹಂಚಿನ ಮೇಲಿದ್ದ ರೊಟ್ಟಿ ಸೀದು ಕಪ್ಪಾಯಿತು. ನಾನು ಒಲೆ ಆರಿಸಿದ್ದನ್ನು ಇಬ್ಬರೂ ಗಮನಿಸಲಿಲ್ಲ.

ಅವತ್ತು ರೀಲ್ ಆಗಲಿಲ್ಲ. ನಾನು ರೆಕಾರ್ಡ್ ಒತ್ತಲೂ ಇಲ್ಲ. ಹೊತ್ತು ಇಳಿದಾಗ ಹೊರಡಲೆಂದು ಎದ್ದು, ಅಭ್ಯಾಸಬಲದಿಂದ ಮೈಕಿನ ವೈರಿಗೆ ಕೈ ಹಾಕಿದೆ.

"ಅದು ಇರ್ಲಿ" ಎಂದರು ಕಾಕು, ನನಗೇ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.

"ಹೂಂ," ಎಂದರು ಆ ಕಡೆಯಿಂದ ಕಾಕಾ, "ಇರ್ಲಿ."